ಮಂಚದ ಕೆಳಗೆ

ಅರ್ಜಿಯಲ್ಲಿ ಉದ್ಯೋಗ ಅನ್ನುವ ಕಡೆ
'ಬ್ಯಾಂಡ್ ಸೆಟ್, ದೊಡ್ಡ ಡ್ರಮ್' ಅಂತ ಬರೆದೆ.
ಡಾಕ್ಟರಮ್ಮ ನಫೀಸಾ ಕನ್ನಡಕ ಇಳಿಸಿ
ಒಮ್ಮೆ ನನ್ನ ಕೈ ನೋಡಿದರು, ಒಮ್ಮೆ ಪಂಜರದ ಮೂಲೆ.
'ಮನೇಲೂ ಬಾರಿಸ್ತೀರಾ, ಚೌರಪ್ಪನವರೇ?'
'ಇಲ್ಲಮ್ಮ, ಮನೇಲಿ ನಾನು ಬರೀ ಕೇಳೋನು.'
ಲೂರ್ದು ಪಕ್ಕದಲ್ಲೇ ಇದ್ದಳು. ನಗಲಿಲ್ಲ.

ಬೆಟ್ಟದ ಹಿಂದಿನ ಆ ಆಶ್ರಯದಲ್ಲಿ
ನಾಯಿಗಳು ತಮ್ಮನ್ನು ತಾವೇ ಮಾರಿಕೊಳ್ಳುತ್ತಿದ್ದವು,
ಬಾಲ, ನಾಲಿಗೆ, ಸರಪಳಿ ಎಲ್ಲ ಒಟ್ಟಿಗೆ ಆಡಿಸಿ.
ಇದು ಮಾತ್ರ ಗೋಡೆಗೆ ಮುಖ ಮಾಡಿ
ತಾನಿಲ್ಲ ಎಂದು ಸಾಧಿಸುತ್ತ ಕೂತಿತ್ತು.
ಬೂದು ಮೊಲ. ಎಡಗಿವಿಯ ತುದಿ ಹರಿದಿತ್ತು.
ಯಾವುದೋ ಮಗುವಿನ ಹುಟ್ಟುಹಬ್ಬಕ್ಕೆ ಕೊಂಡವರು
ಮಿಕ್ಸಿಯ ಡಬ್ಬದಲ್ಲಿಟ್ಟು ಗೇಟಿಗೆ ಬಿಟ್ಟು ಹೋಗಿದ್ದರಂತೆ.
ಡಬ್ಬದ ಮೇಲೆ 'ಎರಡು ವರ್ಷ ಗ್ಯಾರಂಟಿ' ಹಾಗೇ ಇತ್ತಂತೆ.

'ಇಬ್ಬರು ಒಯ್ದು ವಾಪಸು ತಂದರು.
ಎತ್ತಿಕೊಳ್ಳೋಕೆ ಬಿಡೋಲ್ಲ ಅಂತ ದೂರು.'
ನನಗೆ ಆ ದೂರು ಹಿಡಿಸಿತು.
ಮೂವತ್ತೆಂಟು ವರ್ಷ ಮೆರವಣಿಗೆಯ ಬಾಲದಲ್ಲಿ ನಡೆದವನು ನಾನು,
ಯಾರನ್ನೂ ಮುಟ್ಟದೆ ಎಲ್ಲರನ್ನೂ ಕುಣಿಸಿದವನು.

ಆಟೋದಲ್ಲಿ ಲೂರ್ದು ಬುಟ್ಟಿಗೆ ಸೆರಗು ಹೊದಿಸಿದಳು.
'ಹಾರ್ನ್ ಬೇಡಪ್ಪಾ' ಎಂದೆ ಆಟೋದವನಿಗೆ.
ನಾನು!

ಹದಿನೈದು ದಿನ ಅದರ ಮುಖ ಕಾಣಲಿಲ್ಲ.
ಮನೆಯಲ್ಲೊಂದು ಮೊಲ ಇದೆ ಅನ್ನುವುದಕ್ಕೆ ಸಾಕ್ಷಿ
ಮೆಣಸಿನಕಾಳಿನಂಥ ಹಿಕ್ಕೆ,
ಬೆಳಗಾಗುವಷ್ಟರಲ್ಲಿ ಮಾಯವಾದ ಕೊತ್ತಂಬರಿ ಕಟ್ಟು,
ನನ್ನ ಬಲಗಾಲ ಚಪ್ಪಲಿಯ ಉಂಗುಟ.
ಟಾಂಗಾ ಸ್ಟ್ಯಾಂಡಿನ ಇಮ್ತಿಯಾಜ್
ಕುದುರೆಯ ಪಾಲಿನಿಂದ ಒಂದು ಹಿಡಿ ಹುಲ್ಲು ಕೊಡುತ್ತಿದ್ದ.
'ಇದಕ್ಕೆ ಗಾಡಿ ಯಾವಾಗ ಕಟ್ತೀಯ?' ಅಂತ ದಿನಾ ಅದೇ ತಮಾಷೆ.
ಕುಕ್ಕರ್ ಕೂಗಿದರೆ ಮೊಲ ಕಲ್ಲಾಗುತ್ತೆ ಅಂತ
ಲೂರ್ದು ಪಾತ್ರೆಯಲ್ಲೇ ಬೇಳೆ ಬೇಯಿಸಿ
ಗ್ಯಾಸಿನ ಲೆಕ್ಕ ನನಗೆ ಒಪ್ಪಿಸಿದಳು.
ನಾನು ದಿಂಬಿಗೆ ಮುಖ ಒತ್ತಿ ಸೀನುವುದು ಕಲಿತೆ.

ಇಟ್ಟಿಗೆಗೂಡಿನವರಿಗೆ ಹೇಳಬೇಕಿಲ್ಲ,
ಮೃಗಾಲಯದ ಸಿಂಹ ಅಪರಾತ್ರಿಯಲ್ಲಿ ಗುಡುಗಿದರೆ
ನಾವು ಮಗ್ಗುಲು ಬದಲಿಸುತ್ತೇವೆ, ಅಷ್ಟೆ.
ಆ ಗುಡುಗು ಕೇಳಿದಾಗೆಲ್ಲ ಮಂಚದ ಕೆಳಗೆ ಏನೂ ಇಲ್ಲ.
ಉಸಿರೂ ಇಲ್ಲ.
ತಾನೊಂದೇ ಉಳಿದರೆ ಸಾಕು ಅನ್ನುವ ಮೌನ.

ಆ ರಾತ್ರಿ ಕರೆಂಟಿರಲಿಲ್ಲ.
ಸಿಂಹ ಕೂಗಿತು.
ಮಂಚದ ಕೆಳಗೆ, ಧಪ್.

ಒಂದೇ ಏಟು.
ಏನೋ ಬಿದ್ದ ಸದ್ದಲ್ಲ, ಈ ಕಿವಿಗೆ ಗೊತ್ತು,
ತೂಕ ನೋಡಿ, ಜಾಗ ನೋಡಿ ಇಟ್ಟದ್ದು.
ಡಾಕ್ಟರಮ್ಮ ಅಂದಿದ್ದು ಆಗ ನೆನಪಾಯಿತು:
'ಹಿಂಗಾಲು ನೆಲಕ್ಕೆ ಬಡಿದರೆ ಸಿಟ್ಟು ಅಂದ್ಕೋಬೇಡಿ.
ತನ್ನವರಿಗೆ ಹೇಳೋದದು, ಬಂತು, ಬಿಲ ಸೇರಿ ಅಂತ.'

ತನ್ನವರಿಗೆ.
ಮಂಚದ ಕೆಳಗೆ ಬೇರೆ ಯಾರೂ ಇರಲಿಲ್ಲ.
ಮಂಚದ ಮೇಲೆ ಇಬ್ಬರು.

ಸಿಂಹ ಇನ್ನೊಮ್ಮೆ. ಇನ್ನೊಂದು ಧಪ್,
ಈ ಸಲ ಜೋರು, ಕಿವುಡರನ್ನು ಗದರಿದ ಹಾಗೆ.
ಕತ್ತಲಲ್ಲೇ ಲೂರ್ದು ಅಂದಳು,
'ನಮ್ಮನ್ನೇ ಕರೀತಿದೆ ಕಣ್ರೀ. ಇಳೀರಿ.'

ಇಳಿದೆವು. ನನ್ನ ಮಂಡಿ ಲಟಕ್ ಎಂದಿತು.
ಟ್ರಂಕು, ಈರುಳ್ಳಿ ಬುಟ್ಟಿ, ಕಳೆದ ಕ್ರಿಸ್‌ಮಸ್ಸಿನ ಮುರುಕು ನಕ್ಷತ್ರ
ಇವುಗಳ ಸಂದಿಯಲ್ಲಿ ನಾನು ಅರ್ಧ ಹಿಡಿದೆ,
ಅವಳು ಪೂರ್ತಿ.
ಮೊಲ ಹತ್ತಿರ ಬರಲಿಲ್ಲ. ಸರಿಯಲೂ ಇಲ್ಲ.
ಒಂದು ಗೇಣು ದೂರದಲ್ಲಿ
ಅದರ ಮೂಗು ನಮ್ಮನ್ನು ಎಣಿಸುತ್ತಿತ್ತು.

ಹೊರಗೆ ಸಿಂಹ ಮೂರನೇ ಸಲ ಗುಡುಗಿತು.
ಮೊಲ ಕಾಲು ಬಡಿಯಲಿಲ್ಲ.
ಎಲ್ಲರೂ ಒಳಗಿದ್ದರು.