ಚೆನ್ನಾಗಿ ಬೆಂದದ್ದು

ಮೂವತ್ತೆರಡು ವರ್ಷ ಹಸಿ ಮಾಂಸ ಕೊಚ್ಚಿ ಬಡಿಸಿದ ಅಂಗಡಿ ನಮ್ಮದು,
ಅಡಿಸ್ ಅಬಾಬಾದಲ್ಲಿ, ಮೆರ್ಕಾಟೊ ಹಿಂಬದಿಯ ಓಣಿ.
ಕಿತ್ಫೊ ಎಂದರೆ ಜೆರ್ಗನ ಕೈಯದು,
ಕರಗಿದ ಬೆಣ್ಣೆ, ಚಿಟಿಕೆ ಮಿತ್ಮಿತ ಖಾರ,
ಮಾಂಸ ಬೆಂಕಿಯ ಮುಖ ಕಂಡಿರಬಾರದು.
"ಒಂಚೂರು ಬೇಯಿಸಿ ಕೊಡ್ತೀರಾ?" ಅಂದವರಿಗೆ
ನನ್ನ ಗಂಡ ಎದುರಿನ ಔಷಧದಂಗಡಿ ತೋರಿಸುತ್ತಿದ್ದ:
"ಕಾಯಿಲೆಯವರು ಅಲ್ಲಿಗೆ ಹೋಗಿ."

ಈಗ ನರ್ಸ್ ಹಿರುತ್ ಕೊಟ್ಟ ಹಾಳೆ
ಗೋಡೆಯ ಮೇಲೆ, ಮಾತೆ ಮರಿಯಳ ಪಟದ ಪಕ್ಕ.
ನನಗೆ ಓದು ಬಾರದು. ಮಗಳು ಮಹ್ಲೆತ್
ಸಾಲಿಗೊಂದು ಚಿತ್ರ ಬರೆದಿದ್ದಾಳೆ:
ಹಸುವಿನ ಮೇಲೆ ಅಡ್ಡಗೆರೆ,
ಮನೆಯಲ್ಲಿ ಒಡೆಸಿದ ಅಯಿಬ್ ಗಿಣ್ಣಿಗೂ ಅಡ್ಡಗೆರೆ,
ಸಿಪ್ಪೆ ಬಿಟ್ಟ ಬಾಳೆಹಣ್ಣು ನಗುತ್ತಿದೆ,
ನೀರಿನ ಪಾತ್ರೆಯ ಕೆಳಗೆ ಮೂರು ಜ್ವಾಲೆ.
ಕೊನೆಗೊಂದು ಗಡಿಯಾರ. ಮಾಡಿಟ್ಟು
ಎರಡು ಗಂಟೆ ದಾಟಿದ್ದು ಅವನ ಬಾಯಿಗೆ ಸಲ್ಲದು.

ಮದ್ದು ಏರಿಸಿದ ಹತ್ತನೇ ದಿನ
ರಕ್ತದೊಳಗಿನ ಕಾವಲಿನವರು ರಜೆ ಹಾಕುತ್ತಾರಂತೆ.
ಬಾಗಿಲು ಹಾರುಹೊಡೆದಿರುತ್ತದೆ, ಯಾರು ಬಂದರೂ ಕೇಳುವವರಿಲ್ಲ.
ಹಾಗಾಗಿ ಆ ವಾರ ನಾನೇ ಹೊಸ್ತಿಲಲ್ಲಿ ಕೂರುತ್ತೇನೆ.
ಬುತಾಜಿರಾದಿಂದ ಅವನ ತಮ್ಮ
ಸೊಪ್ಪಿನ ಹೊರೆ, ಎಲೆಯಲ್ಲಿ ಸುತ್ತಿದ ಗಿಣ್ಣು,
ಜೊತೆಗೊಂದು ಕೆಮ್ಮು ಹೊತ್ತು ಬಂದ.
ಸೊಪ್ಪು ಇಳಿಸಿಕೊಂಡೆ. ಗಿಣ್ಣು ನೆರೆಮನೆಗೆ.
ಕೆಮ್ಮನ್ನು ಅವನ ಸಮೇತ ಅಂಗಳದಲ್ಲೇ ಕೂರಿಸಿ
ಕಾಫಿ ಕೊಟ್ಟೆ.
ಇಂದಿಗೂ ಮಾತು ಬಿಟ್ಟಿದ್ದಾನೆ. ಬಿಡಲಿ.

ಬೆಣ್ಣೆ ಕಾಯಿಸಿದರೆ ಜೆರ್ಗ ವಾಂತಿ ಮಾಡುತ್ತಾನೆ,
ಆ ಘಮದಲ್ಲೇ ನನ್ನನ್ನು ಮದುವೆಯಾದವನು.
ಸ್ಟೀಲ್ ಚಮಚ ತುಕ್ಕು ನೆಕ್ಕಿದಂತೆ ಅನ್ನುತ್ತಾನೆ.
ಅವನಪ್ಪನ ಕೊಂಬಿನ ಚಮಚ ತೆಗೆದೆ:
ಹಿಡಿಯಲ್ಲಿ ಬಿರುಕು, ಬಿರುಕಿನಲ್ಲಿ ಐವತ್ತು ವರ್ಷದ ಜಿಡ್ಡು.
ತಿಕ್ಕಿದೆ, ತಿಕ್ಕಿದೆ,
ಮತ್ತೆ ಮೊಳೆಗೇ ತೂಗುಹಾಕಿದೆ.
ಕೊನೆಗೆ ಎದುರಿನ ಔಷಧದಂಗಡಿಗೇ ಹೋಗಿ
ಮಕ್ಕಳ ಸಿರಪ್ಪಿನ ಪ್ಲಾಸ್ಟಿಕ್ ಚಮಚ ತಂದೆ.
ಅಂಗಡಿಯವನು ದುಡ್ಡು ಮುಟ್ಟಲಿಲ್ಲ.
"ನಿಮ್ಮವರು ಎಷ್ಟೊಂದು ಗಿರಾಕಿ ಕಳಿಸಿದ್ದಾರೆ" ಅಂದ.

ಮೆಸ್ಕಲ್ ಹಬ್ಬ ಬಂತು.
ಓಣಿಯ ತುಂಬ ಹಳದಿ ಹೂವು, ಸುಟ್ಟ ಸೌದೆಯ ವಾಸನೆ.
ಈ ದಿನ ಎಲ್ಲರ ಕೈಯೂ ಎಲ್ಲರ ಬಾಯಲ್ಲಿ.
ತುತ್ತು ಕಟ್ಟಿ ಇನ್ನೊಬ್ಬರಿಗೆ ಉಣಿಸುವುದು,
ಗುರ್ಷಾ.
ಬೇಡ ಅಂದರೆ ಜಗಳ, ಬಾಯಿ ತೆರೆದರೆ ನೆಂಟಸ್ತನ.
ಅವನು ಒಳಕೋಣೆಯಲ್ಲಿ ಗೋಡೆಗೆ ಒರಗಿ
ಹೊರಗಿನ ನಗು ಕೇಳುತ್ತ
ಉಗುರು ನೋಡಿಕೊಳ್ಳುತ್ತಿದ್ದ. ಕಪ್ಪಾಗಿದ್ದವು.

ಬೆಳಗಿನ ಮಾಂಸ ತಂದು
ಬೇರೆ ಹಲಗೆ, ಬೇರೆ ಚಾಕುವಿನಲ್ಲಿ ಕೊಚ್ಚಿ
ಎಣ್ಣೆಗೆ ಹಾಕಿದೆ.
ಕೆಂಪು ಕಂದಾಯಿತು, ಕಂದು ಬೂದಿಬಣ್ಣಕ್ಕೆ ತಿರುಗಿತು.
ಇಷ್ಟು ವರ್ಷ ಗಂಡನ ಎದುರು ಒಮ್ಮೆಯೂ ಮಾಡದ ಪಾಪ.
ಒಳಗೆ ಗುಲಾಬಿ ಉಳಿದಿದೆಯೋ ಎಂದು
ಮೂರು ಸಲ ಬಿಡಿಸಿ ನೋಡಿದೆ.
ಬಿಸಿ ಇಂಜೆರಾ, ಪುಟ್ಟ ಚಮಚ, ಅವನ ಮುಂದಿಟ್ಟೆ.

ಅಗಿದ. ಅಗಿದ.
ನನ್ನ ಕಡೆ ನೋಡಿದ.
"ಸಿರ್ಗುತ್, ಇದು ಯಾರ ಚಪ್ಪಲಿ?"

ಐದು ವಾರದಿಂದ ಹೂಂ, ಉಹೂಂ, ಸಾಕು,
ಇಷ್ಟೇ ಆಡುತ್ತಿದ್ದ ಬಾಯಿ.
ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.
ನಕ್ಕೆನೋ ಏನೋ.
"ಉಪ್ಪಿಲ್ಲ, ಖಾರವಿಲ್ಲ. ಕೊಂದ ಹಸುವನ್ನು
ಮತ್ತೊಮ್ಮೆ ಕೊಂದಿದ್ದೀಯ."
ಬೈಯುತ್ತಲೇ ಎದ್ದ,
ಗೋಡೆ ಹಿಡಿದು ನೀರಿನ ಬಳಿಗೆ ನಡೆದ,
ಹಿರುತ್ ಕಲಿಸಿದಂತೆ ಬೆರಳ ಸಂದು, ಹೆಬ್ಬೆಟ್ಟಿನ ಬುಡ
ಸೋಪು ಹಚ್ಚಿ ತೊಳೆದ, ಹಬ್ಬದ ಮುಂಜಾನೆ ಅಂಗಡಿ ತೆರೆಯುವವನ ಹಾಗೆ.

ಇಂಜೆರಾ ಹರಿದು, ಬೂದಿಬಣ್ಣದ್ದನ್ನು ಮಡಿಸಿ ಕಟ್ಟಿ
ನನ್ನ ಬಾಯಿಗೆ ಹಿಡಿದ:
"ಮಾಡಿದವಳೇ ತಿನ್ನು."

ತಿಂದೆ. ನಿಜಕ್ಕೂ ಚಪ್ಪಲಿಯೇ.
ಅವನ ಬೆರಳು ಸೋಪಿನ ರುಚಿ.

ಆಮೇಲೆ ಅವನು ನಾಲ್ಕು ತುತ್ತು ತಿಂದ. ಎಣಿಸಿದ್ದೇನೆ.
ಐದನೆಯದು ಕೈಯಲ್ಲಿರುವಾಗಲೇ ನಿದ್ದೆ ಹತ್ತಿತು.
ಮಹ್ಲೆತ್ ಬಾಗಿಲಲ್ಲಿ ನಿಂತು ಗಡಿಯಾರ ತೋರಿಸಿದಳು.
ಉಳಿದದ್ದನ್ನು ಓಣಿಯ ನಾಯಿಗೆ ಹಾಕಿದೆ.
ಅದು ಒಮ್ಮೆ ಮೂಸಿ, ನನ್ನ ಮುಖ ನೋಡಿ,
ಆಮೇಲೆ ತಿಂದಿತು.