ಕೊನ್

ಮಡಗಾಂವದ ಹಳೆ ಮಾರ್ಕೆಟ್ಟಿನ ಹಿಂದೆ, ಬೇಕರಿಯ ಮಾಳಿಗೆ.
ಕೆಳಗೆ ಪಾವು ಬೇಯುತ್ತದೆ, ಮೇಲೆ ನಾನು
ಗಂಟು ಕಟ್ಟುವ ಕ್ರಮವೊಂದನ್ನು ಬರೆಯುತ್ತಿದ್ದೇನೆ:
ಎಲ್ಲಿ ಕಟ್ಟಿದ್ದನ್ನೂ ಎಲ್ಲಿ ಬೇಕಾದರೂ ಬಿಚ್ಚಬೇಕು,
ಬಿಚ್ಚಿದಾಗ ಒಳಗಿನದು ಹಾಗೇ ಇರಬೇಕು.
ಇಷ್ಟೇ.
ಏಳು ತಿಂಗಳಾಯಿತು.

ಎವರಿಸ್ಟೊ ತಂದ ಡಿಸ್ಕಿನಲ್ಲಿ ಅವನ ಸೋದರತ್ತೆಯ ಹಾಡು,
ಮುನ್ನೂರ ಹನ್ನೊಂದು.
ಕೊನ್ಸೆಸಾಂವ್ ಎಂದು ಪೂರ್ತಿ ಬರೆಯಲು ಸೋಮಾರಿ,
ಫೋಲ್ಡರಿಗೆ ಬರೀ ಕೊನ್, ರೋಮಿಯಲ್ಲಿ ಮೂರಕ್ಷರ.
ಲಿನಕ್ಸ್ ಮಾತಾಡದೆ ಒಳಗೆ ಬಿಟ್ಟುಕೊಂಡಿತು.
ವಿಂಡೋಸ್ ಹೊಸ್ತಿಲಲ್ಲೇ ತಡೆಯಿತು:
ಈ ಹೆಸರಿನವರು ಇಲ್ಲಿ ಮೊದಲೇ ಇದ್ದಾರೆ.
ಯಾವ ಕಾಲದ್ದೋ ಪರದೆ, ಕೀಲಿಮಣೆ;
ಸತ್ತರೂ ಖಾತೆ ಮುಚ್ಚಿಲ್ಲ.

ಒಳಗೆ ದೊಡ್ಡಕ್ಷರದ ಮೋಗ್, ಸಣ್ಣಕ್ಷರದ ಮೋಗ್,
ಬೇರೆ ಬೇರೆ ಹಾಡು. ಬಿಚ್ಚಿದಾಗ ಒಂದೇ ಉಳಿಯಿತು,
ಇನ್ನೊಂದರ ಎದೆಯ ಮೇಲೆ ಕೂತು.
ನಮ್ಮ ಲಿಪಿಗೆ ಈ ರಗಳೆಯಿಲ್ಲ ಎಂದು ಬೀಗಿದೆ.
ಬೀಗಿದ್ದು ಸಂಜೆಯವರೆಗೆ.

ಅತ್ತೆ ಮಂಗಳೂರಲ್ಲಿ ಹನ್ನೆರಡು ವರ್ಷ ಬಾಳಿದವಳು,
ಕೆಲವು ಕ್ಯಾಸೆಟ್ಟಿಗೆ ಕನ್ನಡದಲ್ಲೇ ಚೀಟಿ.
ಅದನ್ನೇ ನೋಡಿ ಟೈಪಿಸಿದ್ದೆ.
ಹಳೆ ಮ್ಯಾಕು ಆ 'ಕೊ'ವನ್ನು ಸದ್ದಿಲ್ಲದೆ ಸೀಳಿ
ಎತ್ವ ಒಂದು ಕಡೆ, ಕೊಂಬು ಒಂದು ಕಡೆ ಇಟ್ಟುಕೊಂಡಿತ್ತು.
ಕಣ್ಣಿಗೆ ಅದೇ ಕೊ.
ಹುಡುಕಿದರೆ, ಅಂಥವರು ಯಾರೂ ಇಲ್ಲ.

ಒಂದು ಯಂತ್ರದ ಕಾಲ ಎಪ್ಪತ್ತರಿಂದ ಶುರು,
ಇನ್ನೊಂದರದ್ದು ಎಂಬತ್ತರಿಂದ,
ಅದೂ ಎಣಿಸುವುದು ಎರಡೆರಡು ಸೆಕೆಂಡಿಗೊಮ್ಮೆ.
ಬೆಸ ಸೆಕೆಂಡಿನಲ್ಲಿ ಮುಗಿದ ಹಾಡುಗಳೆಲ್ಲ
ಒಂದು ಉಸಿರಿನಷ್ಟು ಹಿಂದೆ ಸರಿದವು.

ನಿನ್ನೆ ರಾತ್ರಿ ಹನ್ನೊಂದನೆಯ ನಿಯಮ ಹೊಡೆದುಹಾಕಿ ಮತ್ತೆ ಬರೆದೆ:
ಬಂದ ಹೆಸರನ್ನು ಬಂದ ಹಾಗೇ ಇಡು, ತಿದ್ದಬೇಡ.
ಊರು ಒಪ್ಪದಿದ್ದರೆ ಪಕ್ಕದಲ್ಲೊಂದು ಕರೆಯುವ ಹೆಸರು ಕೊಡು.
ತಿಳಿಯದ ಗುರುತು ಕಂಡರೆ ಎಸೆಯಬೇಡ,
ಹೊತ್ತು ನಡೆ. ಮುಂದಿನವರಿಗೆ ತಿಳಿದೀತು.
ಹನ್ನೆರಡನೆಯದು ಇನ್ನೂ ಖಾಲಿ:
ಸೀಳಿದ ಕೊವನ್ನು ಹೊಲಿಯುವುದು ಯಾರ ಕೆಲಸ?

ಬೆಳಿಗ್ಗೆ ಎವರಿಸ್ಟೊನ ಸೈಕಲ್ ಅಂಗಡಿ,
ಗ್ರೀಸ್ ಮೆತ್ತಿದ ಹಳೆ ಕಂಪ್ಯೂಟರು.
ಬಿಚ್ಚಿದೆವು. ಕೊನ್ ಬಂದಳು,
ಹಿಂದೊಂದು ಗೀಟು ಎಳೆದುಕೊಂಡು.
"ಅತ್ತೆಗೆ ಬಾಲ ಬಂತಲ್ಲ!" ಎಂದ, ಆದರೂ
ಬೆರಳು ಪ್ಯಾಂಟಿಗೆ ಒರೆಸಿಕೊಂಡು ಮೊದಲ ಹಾಡು ಒತ್ತಿದ.
ಹಾಡಿಗೆ ಮುಂಚೆ ಅವಳು ಕೆಮ್ಮಿದಳು,
ಆಮೇಲೆ ಯಾರಿಗೋ ಗದರಿದಳು, ಕಿಟಕಿ ಮುಚ್ಚೋ,
ಬೀದಿಯೆಲ್ಲ ಒಳಗೆ ಬರುತ್ತಿದೆ.

ಎವರಿಸ್ಟೊ ಎದ್ದು ಹೋಗಿ
ಅಂಗಡಿಯ ಕಿಟಕಿ ಮುಚ್ಚಿದ.