ಎರಡು ಹತ್ತರ ದೀಪ

ಕೆಚ್ಕೆಮೇಟಿನ ಹಿತ್ತಿಲು ನನ್ನದು, ಉದ್ದ ಹದಿನೆಂಟು ಹೆಜ್ಜೆ.
ಒಂದು ಏಪ್ರಿಕಾಟ್ ಮರ, ಬಟ್ಟೆ ಒಣಹಾಕುವ ತಂತಿ,
ಅದರ ಪಕ್ಕ ಮೂರು ಕಾಲಿನ ಮೇಲೆ ದೂರದರ್ಶಕ,
ಇಬ್ಬನಿಗೆ ಹೆದರಿ ಹಳೇ ಸ್ವೆಟರಿನ ತೋಳು ತೊಟ್ಟುಕೊಂಡು.

ಆ ಏಳು ಚಿಕ್ಕೆಗಳು ಇಲ್ಲಿ ಋಷಿಗಳಲ್ಲ;
ಗೊಂಚೊಲನ ಗಾಡಿ ಅದು, ಮೂಕಿ ಸೊಟ್ಟ.
ಮೂಕಿಯ ತುದಿಯಿಂದ ಎರಡು ಬೆರಳು ಆಚೆ
ಕಣ್ಣಿಗೆ ಏನೂ ಇಲ್ಲ. ಕ್ಯಾಮೆರಾ ಮಾತ್ರ
ಮೂರು ಮೂರು ನಿಮಿಷ ರೆಪ್ಪೆ ಮುಚ್ಚದೆ ನೋಡಿ
ಬೂದಿಯಲ್ಲಿ ಬೆರಳಾಡಿಸಿದಂಥ ಒಂದು ಸುಳಿ ತರುತ್ತದೆ,
ಸುಳಿಯ ತೋಳಿಗೆ ಜೋತುಬಿದ್ದ ಇನ್ನೊಂದು ಪುಟ್ಟ ಬೆಳಕು.

ಮೂವತ್ತೊಂದು ವರ್ಷ ಬೇಕರಿಯಲ್ಲಿ ರಾತ್ರಿಪಾಳಿ ಮಾಡಿದವಳು,
ನಿದ್ದೆ ಈಗಲೂ ಬೆಳಗಿನ ಆರಕ್ಕೇ ಬರುವುದು.
ಹಿಟ್ಟು ಎಳೆಯುವುದು ಗೊತ್ತು ನನಗೆ:
ಮೇಜಿನ ಸುತ್ತ ನಡೆಯುತ್ತ, ಕೈಬೆನ್ನಿನ ಮೇಲೆ,
ಅಡಿಯಲ್ಲಿಟ್ಟ ಕಾಗದ ಓದುವಷ್ಟು ತೆಳ್ಳಗೆ.
ಚಿತ್ರವನ್ನೂ ಹಾಗೇ ಎಳೆಯಬೇಕು ಕಂಪ್ಯೂಟರಿನಲ್ಲಿ.
ಒಂದೆಳೆ ಹೆಚ್ಚಾದರೆ ಹರಿಯುತ್ತದೆ,
ತೂತಿನಿಂದ ಬರೀ ಮರಳು.

ಇಡೀ ಏಪ್ರಿಲ್ ಒಂದೇ ಜಗಳ:
ರಾತ್ರಿ ಎರಡು ಹತ್ತಕ್ಕೆ ಪಕ್ಕದ ಮನೆ ವೆಂಡೆಲ್ ಮಾಮನ
ಅಡುಗೆಮನೆ ದೀಪ. ಎದೆಯ ಮಾತ್ರೆ,
ಒಂದು ಲೋಟ ನೀರು, ಕಿಟಕಿಯಲ್ಲಿ ಬನಿಯನ್ನಿನ ಬೆನ್ನು.
ಆ ಮೂರು ನಿಮಿಷ ಹಾಲು ಚೆಲ್ಲಿದ ಹಾಗೆ; ಎಸೆ.
ಬೇಲಿಯ ಮೇಲಿಂದ ಒಂದು ದಿನ ಹೇಳಿಯೂಬಿಟ್ಟೆ,
ಹೇಳಬಾರದ ದನಿಯಲ್ಲಿ.

ಆಮೇಲೆ ನಾಲ್ಕು ದಿನ ಮೋಡ.
ಐದನೆಯ ರಾತ್ರಿ ಎರಡು ಹತ್ತು ಬಂತು. ಹೋಯಿತು.
ಎರಡೂವರೆ.
ಚಿತ್ರಗಳು ಒಂದಕ್ಕಿಂತ ಒಂದು ಸ್ವಚ್ಛ,
ನನ್ನ ಹೊಟ್ಟೆಯಲ್ಲಿ ಮಾತ್ರ ಹುಳಿ ಮೀರಿದ ಹಿಟ್ಟು.
ನೈಟಿಯ ಮೇಲೆ ಕೋಟು, ಕಾಲಿಗೆ ಸಿಕ್ಕಿದ್ದು ಯಾವುದೋ,
ಹೋಗಿ ಬಾಗಿಲು ಬಡಿದೆ.

ಕತ್ತಲೊಳಗಿಂದ ಕೆಮ್ಮು.
"ದೀಪ ಹಾಕಲಿಲ್ಲವಲ್ಲ, ಇನ್ನೇನು ನಿನ್ನ ತಕರಾರು?"
ತಡವಿಕೊಂಡೇ ಮಾತ್ರೆ ನುಂಗುವುದು ಕಲಿತಿದ್ದಾನೆ ಮುದುಕ;
ಮೋಡದ ರಾತ್ರಿಗಳಲ್ಲೇ ಅಭ್ಯಾಸ ನಡೆದಿತ್ತಂತೆ,
ಒಮ್ಮೆ ನೀರೆಂದು ವಿನೆಗರ್ ಕುಡಿದನಂತೆ.
ಇವತ್ತು ಲೋಟ ಒಡೆದಿತ್ತು.
ನನ್ನ ಕೆಂಪು ಟಾರ್ಚಿನಲ್ಲಿ ಚೂರು ಆರಿಸಿದೆವು ಇಬ್ಬರೂ,
ಹಿತ್ತಿಲಲ್ಲಿ ಕ್ಯಾಮೆರಾ ತನ್ನ ಪಾಡಿಗೆ ಟಿಕ್ ಅನ್ನುತ್ತಿತ್ತು.

ಚಿತ್ರ ಅಚ್ಚಾಗಿ ಬಂದಾಗ ಕನ್ನಡಕ ಹಣೆಗೇರಿಸಿ
ಬಹಳ ಹೊತ್ತು ನೋಡಿದ. "ಚೆನ್ನಾಗಿದೆ. ಇದಿರಲಿ,
ನನ್ನ ಅಡುಗೆಮನೆ ಬಿದ್ದದ್ದು ಇದೆಯಾ ಒಂದು?"

ಇತ್ತು. ಎಸೆದದ್ದರಿಂದ ಹೆಕ್ಕಿ ಕೊಟ್ಟೆ.
ಬೆಳ್ಳಗೆ, ಮೂಲೆಯಿಂದ ಮೂಲೆಗೆ ಬರೀ ಬೆಳ್ಳಗೆ.
ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾನೆ.